ಮಾಸ್ತರರ ಗುಲಾಬಿ ಗೋಡೆ

ಮದುವೆಯಾಗಿ ಒಂಬತ್ತು ವರ್ಷಗಳಾದರೂ ಸರೋಜವ್ವ ಗಂಡನ ಹತ್ತಿರ ಏನನ್ನೂ ಬೇಡಿದವಳಲ್ಲ. ಹಾನಗಲ್ಲಿನ ಕನ್ನಡ ಶಾಲೆಯ ಪರಮೇಶಪ್ಪ ಮಾಸ್ತರರಿಗೆ ಇದೊಂದು ದೊಡ್ಡ ಹೆಮ್ಮೆ. ಹೀಗಾಗಿ, ತವರೂರು ಸವಣೂರಿಗೆ ಹೋಗಿ ಬಂದ ಮರುದಿನ ರೊಟ್ಟಿ ಬಡಿಯುತ್ತ ಅವಳು, "ಅಲ್ರೀ, ನಮ್ಮ ಪಡಸಾಲಿ ಗ್ವಾಡಿಗೆ ತೆಳು ಗುಲಾಬಿ ಬಣ್ಣ ಹಚ್ಚಿದ್ರ ಹೆಂಗ ಕಂಡೀತು?" ಎಂದಾಗ ಮಾಸ್ತರರ ಕೈಯ ತುತ್ತು ಕೈಯಲ್ಲೇ ನಿಂತಿತು.

"ಗುಲಾಬಿ?"

"ಸವಣೂರಾಗ ನನ್ನ ಗೆಳತಿ ಚಮನಬಿ ಮನ್ಯಾಗ ನೋಡಿ ಬಂದೆ. ಕೆನಿಹಾಲಿನ್ಯಾಗ ಗುಲಾಬಿ ಎಸಳ ಅದ್ದಿ ತಗದಂಗ ಐತ್ರಿ. ಸಂಜಿ ಬಿಸಲ ಬಿದ್ದಾಗ ಆ ಪಡಸಾಲ್ಯಾಗ ಕುಂತವರೆಲ್ಲಾ ಚಂದ ಕಾಣ್ತಾರ. ಅಕಿ ಅತ್ತಿ ಸುದ್ದಾ ಚಂದ ಕಾಣಾಕತ್ತಿದ್ಲು."

ಅಷ್ಟು ಹೇಳಿ ಅವಳು ರೊಟ್ಟಿ ಮಗುಚಿದಳು. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಮಾಸ್ತರರು ಏನಾದರೂ ನೆಪ ಹೇಳಿ ಪಾರಾಗಬಹುದಿತ್ತು. ಬೇಡದ ಹೆಂಡತಿಗೆ ಇಲ್ಲವೆನ್ನುವುದು ಹೇಗೆ? ಒಂಬತ್ತು ವರ್ಷ ಕಣ್ಣಿಗೇ ಬೀಳದಿದ್ದ ಗೋಡೆ ಅಂದಿನಿಂದ ಅವರನ್ನು ದಿಟ್ಟಿಸತೊಡಗಿತು. ಚಿಮಣಿ ದೀಪದ ಹೊಗೆ ಕುಡಿದು ಕುಡಿದು ಅದು ಹಳೆಯ ಹಂಚಿನ ಬೆನ್ನಿನಂತಾಗಿತ್ತು.

ತೊಡಕು ಇದ್ದದ್ದು ಒಂದೇ. ಗೋಡೆ ಮಾಸ್ತರರದಲ್ಲ. ಅದು ಉಳವಪ್ಪ ಸಾವಕಾರರದು. ಊರಲ್ಲಿ ಅವರ ಆರು ಮನೆಗಳಿದ್ದವು, ಆರಕ್ಕೂ ಒಂದೇ ಕಾಯಿದೆ: ಬಾಡಿಗೆಯವರು ಗೋಡೆ ಮುಟ್ಟಕೂಡದು. ಹೋದ ವರ್ಷ ಒಬ್ಬ ಸಿಂಪಿಗ ಪಂಚಾಂಗ ತೂಗುಹಾಕಲು ಒಂದು ಮೊಳೆ ಬಡಿದಿದ್ದ. ನಾಲ್ಕನೆಯ ದಿನ ಹೊಲಿಗೆಯ ಯಂತ್ರ ಹೊತ್ತುಕೊಂಡು ಬೀದಿಯಲ್ಲಿ ನಿಂತಿದ್ದ. ಮಾಸ್ತರರ ಮನೆಯೋ ಶಾಲೆಗೆ ಹತ್ತಿರ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ಅಂಥ ಮನೆ ಕಳೆದುಕೊಂಡರೆ ಇನ್ನೊಂದು ಸಿಗುವುದಿಲ್ಲ.

ಆದರೆ ಒಂದು ಐತವಾರ ಸಾವಕಾರರು ಬೀಗರ ಮನೆಗೆಂದು ರಟ್ಟೀಹಳ್ಳಿಗೆ ಹೋಗುವವರಿದ್ದರು, ಸೋಮವಾರ ಸಂಜೆಗೆ ಮರಳುವವರು. ಮಾಸ್ತರರು ಗಟ್ಟಿ ಮನಸ್ಸು ಮಾಡಿದರು. ಒಮ್ಮೆ ಹಚ್ಚಿದ ಬಣ್ಣವನ್ನು ಸಾವಕಾರರೇನು ನೆಕ್ಕಿ ತೆಗೆಯುತ್ತಾರೆಯೆ?

ಯುದ್ಧದ ಕಾಲ. ಅಂಗಡಿಗಳಲ್ಲಿ ಬಣ್ಣದ ಡಬ್ಬಿಗಳು ಮಾಯವಾಗಿದ್ದವು. ಆದರೆ ಸವಣೂರಿನ ರಾಜೇಸಾಬನಿಗೆ ಡಬ್ಬಿ ಬೇಕಿರಲಿಲ್ಲ. ಚಮನಬಿಯ ಮನೆಗೆ ಬಣ್ಣ ಹಚ್ಚಿದವನೂ ಅವನೇ. ಮಾಸ್ತರರು ಅವನಿಗೇ ಹೇಳಿ ಕಳಿಸಿದರು. ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನ ಮೇಲೆ ಓಡುತ್ತಿದ್ದ ಮೋಟಾರಿನಲ್ಲಿ ಶನಿವಾರವೇ ಬಂದು ಯಾರದೋ ಮನೆಯಲ್ಲಿ ಇಳಿದಿದ್ದ ಅವನು, ಐತವಾರ ಬೆಳಕು ಹರಿಯುವಷ್ಟರಲ್ಲಿ ಎರಡು ಗಡಿಗೆ ತಿಳಿಸುಣ್ಣ, ಹುರಮಂಜಿನ ಕೆಂಪು ಪುಡಿಯ ಒಂದು ಗಂಟು, ನಾರಿನ ಕುಂಚಗಳೊಂದಿಗೆ ಬಾಗಿಲಲ್ಲಿ ನಿಂತ.

ಅವನು ಬಣ್ಣ ಕೂಡಿಸುವುದನ್ನು ನೋಡುವುದೇ ಒಂದು ಚಂದ. ಸುಣ್ಣವನ್ನು ತೆಳು ಬಟ್ಟೆಯಲ್ಲಿ ಮೂರು ಸಲ ಸೋಸಿ ಅಗಲ ಬಾಯಿಯ ಬಾನಿಗೆ ಸುರಿದ. ಜಾಲಿಯ ಅಂಟು ಕರಗಿಸಿ ಬೆರೆಸಿದ. ಆಮೇಲೆ ಹುರಮಂಜನ್ನು ಸಾರಿಗೆ ಉಪ್ಪು ಹಾಕುವವರ ಹಾಗೆ ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತ, ಪ್ರತಿ ಸಲವೂ ಹೆಬ್ಬೆರಳು ಅದ್ದಿ, ಊದಿ ಒಣಗಿಸಿ, ಬೆಳಕಿಗೆ ಹಿಡಿದು ನೋಡಿದ.

"ತಂಗೀ, ಇದ ಹೌದಲ್ಲ?" ಎಂದು ಸರೋಜವ್ವನಿಗೆ ಹೆಬ್ಬೆರಳು ತೋರಿಸಿದ.

"ಇದ ನೋಡಣ್ಣಾ," ಎಂದಳು ಅವಳು. ಅವಳ ಮುಖ ಅರಳಿದ್ದನ್ನು ಕಂಡು ಮಾಸ್ತರರಿಗೆ ಸಾವಕಾರರು ಮರೆತೇಹೋದರು.

ಮರೆತದ್ದು ಮೊದಲ ಗೋಡೆ ಮುಗಿಯುವತನಕ ಮಾತ್ರ. ಹಸಿ ಗೋಡೆ ಗುಲಾಬಿಯಾಗಿರಲಿಲ್ಲ. ಕಂದುಗೆಂಪಾಗಿ, ಕಲೆಕಲೆಯಾಗಿ ಕಾಣುತ್ತಿತ್ತು.

"ರಾಜೇಸಾಬ, ಇದೇನೋ ಇದು?"

"ಹಸಿ ಇದ್ದಾಗ ನೋಡಬ್ಯಾಡ್ರಿ ಮಾಸ್ತರ. ಬಣ್ಣ ಅಂದ್ರ ಕೂಸಿದ್ದಂಗ. ಹುಟ್ಟಿದ ಕೂಡ್ಲೆ ಕೆಂಪಗ, ಸುಕ್ಕಸುಕ್ಕ ಇರ್ತೈತಿ. ಹೊತ್ತ ಹೋದಂಗ ಚಂದ ಆಕ್ಕೈತಿ."

ಅಷ್ಟರಲ್ಲಿ ಎದುರುಮನೆಯ ಫಕ್ಕೀರವ್ವ ಬಂದಳು. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದಿದ್ದರೂ ಎದುರುಮನೆಯ ಒಲೆಯ ಮೇಲೆ ಏನು ಬೇಯುತ್ತಿದೆಯೆಂಬುದು ಚೆನ್ನಾಗಿ ಕಾಣುವ ಮುದುಕಿ. ಗೋಡೆ ನೋಡಿ ಗಲ್ಲಕ್ಕೆ ಕೈ ಹಚ್ಚಿದಳು. "ಯವ್ವಾ! ಗ್ವಾಡಿ ತರಚಿ ರಕ್ತ ಬಂದಂಗ ಆಗೇತಲ್ಲೋ ತಮ್ಮಾ! ಹೊಸಾ ಬಣ್ಣ ಹಚ್ಚೂದಿದ್ರ ಒಂದೀಟು ಅರಿಷಿಣಾರ ಹಾಕಬೇಕಿಲ್ಲ? ಶುಭ ಆಗಬ್ಯಾಡ?"

"ಇದಕ್ಕ ಅರಿಷಿಣ ಬರೂದಿಲ್ಲ ಆಯೀ," ಎಂದು ರಾಜೇಸಾಬ ನಕ್ಕ. ಮುದುಕಿಗೆ ಆ ನಗು ರುಚಿಸಲಿಲ್ಲ.

ಅವಳ ಬೆನ್ನಿಗೇ ಪಿಂಚಣಿ ಹವಾಲ್ದಾರ ಯಲ್ಲಪ್ಪ ಬಂದರು. ಪೇಟೆಗೆ ಹೊರಟವರು ಇಸ್ತ್ರಿ ಮಾಡಿದ ಬಿಳಿ ಕೋಟು ತೊಟ್ಟಿದ್ದರು. ಕಾಯಿದೆ ಹೇಳುವಾಗ ಆನಿಕೊಂಡು ನಿಲ್ಲುವುದು ಅವರ ಹಳೆಯ ಚಾಳಿ. ಎರಡು ಕೈ ಎದೆಗೆ ಕಟ್ಟಿ, ಹಸಿ ಗೋಡೆಗೆ ಗಟ್ಟಿಯಾಗಿ ಬೆನ್ನು ಕೊಟ್ಟು ಹೇಳತೊಡಗಿದರು: "ಮಾಸ್ತರ, ನಿಮ್ಮ ಹಿತಕ್ಕ ಹೇಳ್ತೇನಿ. ಇದು ಸಾವಕಾರ್ರ ಮಾಲು. ಮಂದಿ ಗ್ವಾಡಿ ಮುಟ್ಟಬಾರದು. ನಾನ ನೋಡ್ರಿ, ಮೂವತ್ತ ವರ್ಸ ನೌಕರಿ ಮಾಡೇನಿ, ಒಬ್ಬರ ಗ್ವಾಡಿ ಮುಟ್ಟಿಲ್ಲ."

ಮುಗಿಸಿ ಅವರು ತಿರುಗಿದಾಗ ಬೆನ್ನಿನ ತುಂಬ ಗೋಡೆಯ ಅಚ್ಚು ಬಿದ್ದಿತ್ತು. ಸರೋಜವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಮಾಸ್ತರರು ಬಾಯಿ ತೆರೆದರು, ಹವಾಲ್ದಾರರ ಮೀಸೆ ನೋಡಿ ಮುಚ್ಚಿದರು. ಯಲ್ಲಪ್ಪ ಗುಲಾಬಿ ಬೆನ್ನು ಹೊತ್ತು ಗಂಭೀರವಾಗಿ ಪೇಟೆಯ ಕಡೆ ನಡೆದರು.

ಮಧ್ಯಾಹ್ನದ ಹೊತ್ತಿಗೆ ಮೂರು ಗೋಡೆ ಮುಗಿದವು. ರಾಜೇಸಾಬ ನಮಾಜಿಗೆ ಹೋದ. ಬಾಗಿಲ ಎದುರಿನ ದೊಡ್ಡ ಗೋಡೆಯೊಂದೇ ಉಳಿದಿತ್ತು. ಹೆಂಡತಿಗಾಗಿ ತಾನೂ ಒಂದಿಷ್ಟು ಕೈಯಾಡಿಸಬೇಕೆಂಬ ಹುಕಿ ಮಾಸ್ತರರಿಗೆ ಬಂದಿತು. ಧೋತರ ಎತ್ತಿ ಕಟ್ಟಿ ಬಾವಿಗೆ ಹೋಗಿ, ಕುಂಚ ನೆನೆಸಿಕೊಂಡು ಬಂದರು. ಆ ಸಣ್ಣ ಅವಕಾಶದಲ್ಲಿ ಫಕ್ಕೀರವ್ವ ಒಳಗೆ ಬಂದು, ಶುಭವಾಗಲೆಂದು ಒಂದು ದೊಡ್ಡ ಹಿಡಿ ಅರಿಷಿಣ ಬಾನಿಗೆ ಹಾಕಿ, ಕಲಕಿ, ಏನೂ ಅರಿಯದವಳಂತೆ ತನ್ನ ಕಟ್ಟೆಗೆ ಹೋಗಿ ಕೂತುಬಿಟ್ಟಿದ್ದಳು.

ಅರಿಷಿಣಕ್ಕೆ ಸುಣ್ಣ ಕೂಡಿದರೆ ಏನಾಗುವುದೆಂಬುದು ಆರತಿ ತಟ್ಟೆ ಕಂಡ ಕೂಸಿಗೂ ಗೊತ್ತು. ಮಾಸ್ತರರು ಮಾತ್ರ ಬಾನಿಯತ್ತ ನೋಡದೆ ಕುಂಚ ಅದ್ದಿ ಎಳೆದರು. ಗೋಡೆ ಕೆಂಪಾಯಿತು. ಹಸಿಯಲ್ಲವೆ ಎಂದುಕೊಂಡರು. ಇನ್ನೊಂದು ಎಳೆದರು. ಮತ್ತಷ್ಟು ಕೆಂಪಾಯಿತು. ಕೂಸಲ್ಲವೆ, ಚಂದವಾಗುತ್ತದೆ ಎಂದುಕೊಂಡರು. ಹೀಗೆ ರಾಜೇಸಾಬನ ಮಾತಿನ ಮೇಲೆ ಅಪಾರ ನಂಬಿಕೆಯಿಟ್ಟು, ಹಾಡು ಗುನುಗುತ್ತ, ನೆಲದಿಂದ ಜಂತಿಯವರೆಗೆ ಇಡೀ ಗೋಡೆ ಬಳಿದು ಮುಗಿಸಿದರು.

ಅಡುಗೆಮನೆಯಿಂದ ಬಂದ ಸರೋಜವ್ವ ಹೊಸ್ತಿಲಲ್ಲೇ ನಿಂತಳು. "ಅಯ್ಯ ಶಿವನ! ಲಿಂಗವಂತರ ಮನ್ಯಾಗ ಕುರಿ ಕೊಯ್ದ್ರೇನ್ರಿ?"

ಮಾಸ್ತರರು ಉತ್ತರಿಸುವ ಮೊದಲೇ ಹವಾಲ್ದಾರ ಯಲ್ಲಪ್ಪ ಏದುಸಿರು ಬಿಡುತ್ತ ಓಡಿ ಬಂದರು. ಮೈಮೇಲೆ ಕೋಟು ಇರಲಿಲ್ಲ.

"ಮಾಸ್ತರ, ಘಾತ ಆತು! ಸಾವಕಾರ್ರು ಇವತ್ತ ಬಂದಬಿಟ್ಟಾರ. ಪ್ಯಾಟ್ಯಾಗ ನನ್ನ ಬೆನ್ನ ನೋಡಿ, ಕೋಟ ಬಿಚ್ಚಿಸಿ ಮೂಸಿ ನೋಡಿದ್ರು. 'ಹೊಸಾ ಸುಣ್ಣ. ಯಾರ ಗ್ವಾಡಿ?' ಅಂದ್ರು. ನಾ ಸುಳ್ಳ ಹೇಳೂ ಮನಷ್ಯಾ ಅಲ್ಲ. ಮಾರಿ ಕೆಂಡ ಆಗೇತಿ. ಮನಿಗೆ ಹೋಗಿ ಉಂಡು, ಇಳಿಹೊತ್ತಿನ್ಯಾಗ ಬರ್ತಾರಂತ!"

ಮಾಸ್ತರರ ಕೈಯಿಂದ ಕುಂಚ ಜಾರಿತು. ಅವರು ಗೋಡೆಗೆ ಒರಗಲು ಹೋಗಿ, ನೆನಪಾಗಿ, ನೆಲದ ಮೇಲೆ ಕುಸಿದು ಕೂತರು.

ರಾಜೇಸಾಬ ನಮಾಜು ಮುಗಿಸಿ ಮರಳಿದ. ಅವನು ಗೋಡೆ ನೋಡಿದ. ಬಾನಿಗೆ ಬೆರಳು ಅದ್ದಿ ಮೂಸಿದ. "ಅರಿಷಿಣ," ಎಂದ. ಬಾಗಿಲಲ್ಲಿ ಇಣುಕುತ್ತಿದ್ದ ಫಕ್ಕೀರವ್ವ ಆಕಾಶ ನೋಡತೊಡಗಿದಳು. ಅವನು ಯಾರನ್ನೂ ಬಯ್ಯಲಿಲ್ಲ. ಅದೇ ಅವನ ದೊಡ್ಡತನ. ಉಳಿದಿದ್ದ ತಿಳಿಸುಣ್ಣವನ್ನೆಲ್ಲ ಎತ್ತಿ, ಬಾನಿಗೆ ಸಣ್ಣ ಧಾರೆಯಾಗಿ ಬಿಡುತ್ತ, ಕೂಸಿಗೆ ಎರೆಯುವ ನೀರು ಹದ ಮಾಡುವ ಸೂಲಗಿತ್ತಿಯಂತೆ ಮೊಣಕೈತನಕ ಕೈಯಾಡಿಸಿದ.

"ಹೆದರಬ್ಯಾಡ್ರಿ. ಬಣ್ಣ ಕೆಟ್ಟಿಲ್ಲ, ಜೋರ ಆಗೇತಿ ಅಷ್ಟ. ನಾಕೂ ಗ್ವಾಡಿಗೆ ಇದರದ ಒಂದೊಂದ ತೆಳು ಕೈ ಹೊಡೀತೇನಿ. ನೀವು ಗಾಳಿ ಹಾಕ್ರಿ."

ಅವನ ಕುಂಚ ಆ ಹೊತ್ತು ಗೋಡೆಯ ಮೇಲೆ ಆಡಿದ್ದನ್ನು ಓಣಿಯವರು ಬಹಳ ವರ್ಷ ನೆನೆಸಿಕೊಂಡರು. ಒಂದು ಹನಿ ನೆಲಕ್ಕೆ ಬೀಳಲಿಲ್ಲ, ಒಂದು ಗೆರೆ ಎದ್ದು ಕಾಣಲಿಲ್ಲ. ಅವನ ಹಿಂದೆ ಸರೋಜವ್ವ, ಮಾಸ್ತರರು ಮೊರದಿಂದ ಗಾಳಿ ಹಾಕುತ್ತ ಸರಿದರು. ತಪ್ಪು ಒಪ್ಪದ ಫಕ್ಕೀರವ್ವ ತನ್ನ ಮನೆಯಿಂದ ಎರಡು ಮೊರ ತಂದು ಎರಡೂ ಕೈಯಿಂದ ಬೀಸಿದಳು. ಯಲ್ಲಪ್ಪ ರುಮಾಲು ಬಿಚ್ಚಿ ಬೀಸಿದರು.

ಗೋಡೆ ಮೇಲಿನಿಂದ ಒಣಗತೊಡಗಿತು. ಕೆಂಪು ಮೆಲ್ಲಗೆ ಹಿಂದೆ ಸರಿದು ಒಳಗಿನಿಂದ ಒಂದು ತಿಳಿ ಬಣ್ಣ ಮೇಲೆದ್ದು ಬಂದಿತು. ಗುಲಾಬಿಯೇ, ಆದರೆ ಅರಿಷಿಣ ತಾಕಿದ್ದರಿಂದ ಅದರಲ್ಲೊಂದು ಬೆಚ್ಚನೆಯ ಹೊಳಪು. ಹಿತ್ತಲ ಬಾಗಿಲಿನಿಂದ ಇಳಿಬಿಸಿಲು ಬಂದು ಬಿದ್ದಾಗ ಗೋಡೆಯೇ ಬೆಳಕು ಕೊಡುತ್ತಿರುವಂತಿತ್ತು. ಆ ಬೆಳಕಿನಲ್ಲಿ ಕೈಯಲ್ಲಿ ಮೊರ ಹಿಡಿದು, ಕೆನ್ನೆಗೆ ಸುಣ್ಣದ ಹನಿ ಸಿಡಿಸಿಕೊಂಡು ನಿಂತ ಸರೋಜವ್ವನನ್ನು ಮಾಸ್ತರರು ಹೊಸದಾಗಿ ನೋಡುವವರಂತೆ ನೋಡಿದರು. ಎಲ್ಲರೂ ಚಂದ ಕಾಣುತ್ತಾರೆಂದು ಅವಳು ಹೇಳಿದ್ದು ಸುಳ್ಳಲ್ಲ. ಫಕ್ಕೀರವ್ವ ಸಹ ಒಂದಿಷ್ಟು ಚಂದ ಕಾಣುತ್ತಿದ್ದಳು.

"ಎಲ್ಲದಾನ ಆ ಮಾಸ್ತರ?"

ಬೆತ್ತ ಎತ್ತಿಕೊಂಡೇ ಉಳವಪ್ಪ ಸಾವಕಾರರು ಒಳಗೆ ನುಗ್ಗಿದರು. ನುಗ್ಗಿದವರು ಪಡಸಾಲೆಯ ನಡುವೆ ನಿಂತರು. ಬೆತ್ತ ಮೆಲ್ಲಗೆ ಇಳಿಯಿತು.

"ಯಾರ ಮಾಡಿದ್ದು ಇದು?"

ಯಲ್ಲಪ್ಪ ಎರಡು ಹೆಜ್ಜೆ ಹಿಂದೆ ಸರಿದರು. ಮಾಸ್ತರರು ರಾಜೇಸಾಬನ ಮುಂದೆ ಬಂದು ನಿಂತರು. "ತಪ್ಪ ನಂದರಿ ಸಾವಕಾರ್ರ. ಕರಿಸಿದಾಂವ ನಾನು. ಅವಗೇನೂ ಅನ್ನಬ್ಯಾಡ್ರಿ."

"ತಪ್ಪ?" ಸಾವಕಾರರು ಹೊರಗೆ ಹೋಗಿ ಕಾಲಿನ ಚಪ್ಪಲಿ ಬಿಟ್ಟು ಬಂದರು. ಬಾಡಿಗೆ ಮನೆಗಳಲ್ಲಿ ಅವರು ಎಂದೂ ಹಾಗೆ ಮಾಡಿದವರಲ್ಲ. ಮೊಮ್ಮಗುವಿನ ಕೆನ್ನೆ ಮುಟ್ಟುವ ಹಾಗೆ ಬೆರಳ ಹಿಂಬದಿಯಿಂದ ಗೋಡೆ ಮುಟ್ಟಿದರು. "ಈ ಮನಿ ಕಟ್ಟಿಸಿದಾಂವ ನಮ್ಮಪ್ಪ. ಇದರಾಗ ಇಷ್ಟ ಬೆಳಕ ಐತಂತ ನನಗ ಇವತ್ತ ಗೊತ್ತಾತ ನೋಡ್ರಿ. ಏನ ಬಣ್ಣ, ಏನ ಕೈ! ಸಾಬಾ, ನಿನ್ನ ಕೈಗೆ ಬಂಗಾರದ ಕಡಗ ಹಾಕಬೇಕು."

"ಅದರಾಗ ಅರಿಷಿಣ ನಂದು!" ಎಂದಳು ಫಕ್ಕೀರವ್ವ.

"ಮೊದಲ ನನ್ನ ಬೆನ್ನ ಮ್ಯಾಲೆ ಹಚ್ಚಿ ನೋಡ್ಯಾರ್ರಿ," ಎಂದರು ಯಲ್ಲಪ್ಪ.

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಸರೋಜವ್ವ ಚಹಾ ತಂದಳು. ಸಾವಕಾರರು ಚಾಪೆಯ ಮೇಲೆ ಕುಳಿತು, ಗೋಡೆ ನೋಡುತ್ತಲೇ ಬಸಿಯಿಂದ ಗುಟುಕರಿಸಿ, ದೊಡ್ಡ ನಿಟ್ಟುಸಿರು ಬಿಟ್ಟರು.

"ಮಾಸ್ತರ, ನೀವು ನನ್ನ ಮಾನ ಉಳಿಸಿದ್ರಿ. ದೊಡ್ಡ ಮಗನ ಲಗ್ನ ಗೊತ್ತಾಗೇತಿ. ಹುಡಿಗಿ ಇಂಗ್ಲೀಷ ಸಾಲಿ ಕಲ್ತಾಕಿ. ಕತ್ತಲ ಮನ್ಯಾಗ ಸಂಸಾರ ಮಾಡೂದಿಲ್ಲ ಅಂತ ಹಟಾ ಹಿಡದಾಳ. ಇವತ್ತ ರಟ್ಟೀಹಳ್ಯಾಗ ಬೀಗರು ಅದನ್ನ ಎತ್ತಿದ್ರು, ಸಿಟ್ಟಿಗೆದ್ದು ಊಟಾ ಬಿಟ್ಟ ಬಂದೆ. ಇನ್ನ ಚಿಂತಿಲ್ಲ. ಗಂಡ ಹೆಂಡತಿ ಇಬ್ಬರೂ ಈ ಮನ್ಯಾಗ ಇರಲಿ."

ಮಾಸ್ತರರು ಸಂತೋಷದಿಂದ ತಲೆದೂಗಿದರು. ಅರ್ಧ ತೂಗಿದ ಮೇಲೆ ತಲೆ ಅಲ್ಲೇ ನಿಂತಿತು. "ಮತ್ತ... ನಾವ್ರಿ?"

"ಛೇ ಛೇ, ನಿಮ್ಮನ್ನ ಕೈ ಬಿಡ್ತೇನೇನು? ಗಾಣದ ಹಿಂದಿನ ಮನಿ ಖಾಲಿ ಐತಿ. ಗ್ವಾಡಿ ಒಂದೀಟ ಎಣ್ಣಿ ಕುಡದು ಕರ್ರಗಾಗ್ಯಾವ ಖರೆ. ಬರೂ ಸ್ವಾಮಾರ ಹೋಗಿಬಿಡ್ರಿ."

ಮಾಸ್ತರರು ಹೆಂಡತಿಯ ಮುಖ ನೋಡಲಾರದೆ ಚಾಪೆಯ ಕಡ್ಡಿ ಕೀಳತೊಡಗಿದರು. ಸರೋಜವ್ವ ಗೋಡೆಯನ್ನೊಮ್ಮೆ ಕಣ್ತುಂಬ ನೋಡಿದಳು. ಸೆರಗು ಸರಿಪಡಿಸಿಕೊಂಡು, ತಲೆಯೆತ್ತಿ ಕೇಳಿದಳು:

"ಸಾವಕಾರ್ರ, ಆ ಮನಿಗೆ ಬಣ್ಣ ಹಚ್ಚಾಕ ನಿಮ್ಮದು ಒಪ್ಪಿಗಿ ಐತೇನ್ರಿ?"

ರಾಜೇಸಾಬ ಕುಂಚದ ನೀರು ಝಾಡಿಸಿ ಎದ್ದು ನಿಂತ. ಮಾಸ್ತರರ ಕಣ್ಣಲ್ಲಿ ಮತ್ತೆ ಆಸೆ ಮಿಂಚಿತು.

"ಹಚ್ಚವ್ವ, ಅವಶ್ಯ ಹಚ್ಚು!" ಸಾವಕಾರರು ಬಸಿ ಕೆಳಗಿಟ್ಟು ಹರ್ಷದಿಂದ ಕೈ ತಿಕ್ಕಿಕೊಂಡರು. "ಇದಕ್ಕಿಂತ ಚಂದ ಹಚ್ಚು. ಬರೂ ವರ್ಷ ನನ್ನ ಸಣ್ಣ ಮಗನ ಲಗ್ನ ಐತಿ."