ಕರೆಂಟಿಲ್ಲದ ಕೇಬಲ್ಲು

ಗಿರಾಕಿಗೆ ಒಂದು ಮಾತು ಹೆಚ್ಚಾಗಿ ಹೇಳಿದರೆ ಅದು ಸುತ್ತಿ ಬಳಸಿ ನಮ್ಮ ಕೊರಳಿಗೇ ಬರುತ್ತದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಮೈಸೂರಿನ ಮನೆಗಳಿಗೆ ಟಿವಿಯಲ್ಲಿ ಆಡುವ ಗೇಮ್ ಡಬ್ಬಿಗಳೂ ಐದೈದು ಸ್ಪೀಕರಿನ ಹೋಮ್ ಥಿಯೇಟರುಗಳೂ ಬರತೊಡಗಿದವು. ಅವೆರಡನ್ನೂ ಜೋಡಿಸಿಕೊಡುವುದು ನನ್ನ ಕಸುಬು. ಅದಕ್ಕೆ ಆಪ್ಟಿಕಲ್ ಕೇಬಲ್ ಅಂತ ಒಂದಿತ್ತು. ಒಂದು ತುದಿಯನ್ನು ಗೇಮ್ ಡಬ್ಬಿಗೆ ಸಿಕ್ಕಿಸಿದರೆ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಮಿಣುಕುತ್ತದೆ. ಆ ಬೆಳಕೇ ಹೋಗಿ ಸ್ಪೀಕರಿನಲ್ಲಿ ಸೌಂಡ್ ಆಗುತ್ತದೆ. ಶಾಕ್ ಹೊಡೆಯುತ್ತಾ ಅಂತ ಎಲ್ಲರೂ ಕೇಳುವರು. ನಾನು ಜಂಬದಿಂದ, "ಇದರೊಳಗೆ ಕರೆಂಟೇ ಇಲ್ಲ ಕಣ್ರೀ, ಬರೀ ಬೆಳಕು" ಅನ್ನುತ್ತಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

೧. ಬೋಗಾದಿಯ ರೂಮು

ಬೋಗಾದಿಯಲ್ಲಿ ಬಾಡಿಗೆಗಿದ್ದ ಮೂವರು ಕಾಲೇಜು ಹುಡುಗರ ರೂಮಿನಲ್ಲಿ ಟಿವಿ ಈ ಗೋಡೆಗೆ, ಸ್ಪೀಕರ್ ಆ ಗೋಡೆಗೆ. ನಡುವೆ ಉದ್ದನೆಯ ಕೇಬಲ್ಲನ್ನು ತಲೆಯೆತ್ತರದಲ್ಲಿ ಎರಡು ಮೊಳೆಗೆ ಕಟ್ಟಿ ಬಂದೆ. ವಾರ ಕಳೆಯುವುದರೊಳಗೆ ಸೌಂಡ್ ಸತ್ತುಹೋಯಿತು ಅಂತ ಫೋನು. ಹೋಗಿ ನೋಡಿದರೆ ಕೇಬಲ್ಲಿನ ಮೇಲೆ ಎರಡು ಜೀನ್ಸ್ ಪ್ಯಾಂಟು, ನಾಲ್ಕು ಬನಿಯನ್ನು, ಒಂದು ದುಪಟಿ, ಎಲ್ಲಾ ಒದ್ದೆ. ಮೊಳೆಯ ಹತ್ತಿರ ಕೇಬಲ್ಲು ಮುರಿದು ಜೋತಿತ್ತು.

"ಬಟ್ಟೆ ಒಣಗಾಕಕ್ಕೆ ಇದೇ ಬೇಕಿತ್ತೇನ್ರಪ್ಪಾ?"

"ಮೊದ್ಲು ಹೆದರ್ಕೊಂಡಿದ್ವಿ ಸಾರ್. ಕರೆಂಟಿಲ್ಲ ಅಂತ ಧೈರ್ಯ ಕೊಟ್ಟಿದ್ದು ನೀವೇ ಅಲ್ವಾ?"

ಬೈದು, ಬುದ್ಧಿ ಹೇಳಿ, ಹೊಸ ಕೇಬಲ್ ಹಾಕಿ ಹೊರಟೆ. ಬಾಗಿಲ ತನಕ ಬಂದ ಒಬ್ಬ ಮೆಲ್ಲಗೆ ಕೇಳಿದ: "ಸಾರ್, ಬರೀ ಬನಿಯನ್ ಆದ್ರೆ ತಡ್ಕೊಳತ್ತಾ?"

೨. ಒಂಟಿಕೊಪ್ಪಲ್ಲಿನ ಮೇಷ್ಟ್ರು

ಇವರು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತರಾದವರು. ಗೇಮ್ ಡಬ್ಬಿ ಮೊಮ್ಮಕ್ಕಳಿಗಲ್ಲ, ಅವರಿಗೇ. ವಿಜಯನಗರದಲ್ಲಿದ್ದ ಅವರ ಬೀಗರು ಇಂಥದ್ದರಲ್ಲೇ ಕಾರ್ ರೇಸ್ ಆಡುತ್ತಿದ್ದರು, ಇವರು ಹೋದಾಗಲೆಲ್ಲ ಕಿಟಕಿ ಗಾಜು ಅದುರುವಷ್ಟು ಸೌಂಡ್ ಇಟ್ಟು ಮೆರೆಯುತ್ತಿದ್ದರು. ಮಗಳನ್ನು ಕೊಟ್ಟ ಮನೆ, ಎದುರಾಡುವ ಹಾಗಿಲ್ಲ. "ನಮ್ಮ ಸೌಂಡು ಅವರದಕ್ಕಿಂತ ಒಂದು ಕೈ ಮೇಲಿರಬೇಕು ಕಣಪ್ಪಾ, ನನ್ನ ಮಾನದ ಪ್ರಶ್ನೆ" ಅಂದಿದ್ದರು.

ಒಂದು ಬೆಳಿಗ್ಗೆ ಅವರ ಫೋನು, ಸೌಂಡಿಲ್ಲ ಅಂತ. ಓಡಿದೆ. ಮೇಷ್ಟ್ರು ಕೇಬಲ್ಲಿನ ತುದಿಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ನಿಂತಿದ್ದರು.

"ಮೇಷ್ಟ್ರೇ, ಕರೆಂಟ್ ಹೋಗಿದೆಯಲ್ಲ. ಟಿವಿನೇ ಆಫ್ ಆಗಿದೆ."

"ಟಿವಿ ಕರೆಂಟಿಂದು, ಅದನ್ನ ನಾನು ಕೇಳ್ತಿಲ್ಲ. ಇದು ಬೆಳಕಿಂದಲ್ವಾ?"

ಆಮೇಲೆ ಅವರೇ ಯೋಚನೆ ಮಾಡಿ ಅಂದರು: "ಇಲ್ಲಿ ಬಿಸಿಲು ಸಾಲದು ಅಂತ ಕಾಣುತ್ತೆ. ತಾರಸಿಗೆ ಹೋಗಣ ಬಾ."

೩. ಆಯುಧ ಪೂಜೆ

ಬೀಗರನ್ನು ಮೇಷ್ಟ್ರು ಊಟಕ್ಕೆ ಕರೆದದ್ದು ಆಯುಧ ಪೂಜೆಯ ದಿನ. ಊಟಕ್ಕಿಂತ ಸೌಂಡ್ ಕೇಳಿಸುವುದೇ ಮುಖ್ಯ. ಬೀಗರು ಬರಲು ಅರ್ಧ ಗಂಟೆ ಇದೆ ಅನ್ನುವಾಗ ನನಗೆ ಕರೆ ಬಂತು. ಗೇಮ್ ಓಡುತ್ತಿದೆ, ಸ್ಪೀಕರಿನಲ್ಲಿ ಉಸಿರಿಲ್ಲ. ಟಿವಿಯ ಸ್ವಂತ ಸ್ಪೀಕರ್ ಹಿಂದೆಯೇ ಕೈಕೊಟ್ಟಿತ್ತು.

ಹೋದರೆ ಟಿವಿ, ಗೇಮ್ ಡಬ್ಬಿ, ಐದು ಸ್ಪೀಕರು, ಎಲ್ಲಕ್ಕೂ ಮೂರು ಗೆರೆ ವಿಭೂತಿ, ಕುಂಕುಮ, ಸೇವಂತಿಗೆ. ಕೇಬಲ್ ಕಿತ್ತು ನೋಡಿದೆ. ಬೆಳಕು ಬರುವ ತುದಿಗೇ ವಿಭೂತಿ ಮೆತ್ತಿ ಒಣಗಿತ್ತು. ಮೇಷ್ಟ್ರ ಹೆಂಡತಿಯನ್ನು ಕೇಳಿದೆ.

"ಅಮ್ಮಾ, ಇದನ್ನ ಬಿಚ್ಚಿ ಇಲ್ಲಿಗ್ಯಾಕೆ ಹಚ್ಚಿದ್ರಿ?"

"ಒಳಗೆ ಬೆಳಕಿದೆ ಅಂತ ನೀನೇ ಹೇಳಿದ್ಯಲ್ಲಪ್ಪಾ. ಬೆಳಕು ಅಂದ್ಮೇಲೆ ದೇವರು. ದೇವರಿಗೆ ಮುಖಕ್ಕೆ ಹಚ್ಚದೆ ಬೆನ್ನಿಗೆ ಹಚ್ತಾರಾ?"

ಒರೆಸಲು ಕರ್ಚೀಫು ತೆಗೆದೆ. ಆಕೆ ಕೈ ಅಡ್ಡ ಹಿಡಿದರು. "ಪೂಜೆ ಮಾಡಿದ್ದನ್ನ ನಾಳೆ ತನಕ ಅಳಿಸಂಗಿಲ್ಲ. ಬೇಕಾದ್ರೆ ಹಂಗೇ ಉಪಯೋಗಿಸ್ಕೊಳ್ಳಿ."

ಮೇಷ್ಟ್ರು ನನ್ನ ಮುಖ ನೋಡಿದರು, ನಾನು ಸೇವಂತಿಗೆ ನೋಡಿದೆ. ನನ್ನ ಅಂಗಡಿಯಲ್ಲಿ ಇನ್ನೊಂದು ಕೇಬಲ್ ಉಳಿದಿರಲಿಲ್ಲ. ಅಷ್ಟರಲ್ಲಿ ಬೀಗರು ಹೆಂಡತಿ ಸಮೇತ ಬಂದೇಬಿಟ್ಟರು. ಒಬ್ಬಟ್ಟಿನೂಟ ಮುಗಿಸಿ ಸೋಫಾದಲ್ಲಿ ಕೂತರು. "ಎಲ್ಲಿ, ನಿಮ್ಮ ಸೌಂಡು ಕೇಳೋಣ" ಅಂದರು ಬೀಗರು.

ಮೇಷ್ಟ್ರು ಬೇರೆ ದಾರಿಯಿಲ್ಲದೆ ಆಟ ಶುರು ಮಾಡಿದರು. ಕಾರುಗಳು ಗುದ್ದಿದವು, ಪಲ್ಟಿ ಹೊಡೆದವು, ಬೆಂಕಿ ಹತ್ತಿ ಉರಿದವು. ಕೇಳಿಸಿದ್ದು ಸೀಲಿಂಗ್ ಫ್ಯಾನಿನ ಕಟಕಟ ಒಂದೇ. ಬೀಗರ ಮೀಸೆಯಡಿ ನಗು ಕಂಡಿತು. ಮೇಷ್ಟ್ರ ಕಿವಿ ಕೆಂಪಾಯಿತು. ಪಾಪ ಅನ್ನಿಸಿತು ನನಗೆ. ಇಷ್ಟಕ್ಕೂ ಮೂಲ ನನ್ನ ಬಾಯಿ.

ಆಗ ಬೀಗರ ಹೆಂಡತಿ ಬಾಯಿ ತೆರೆದರು. "ಎಷ್ಟು ಹಾಯಾಗಿದೆ ಕಣ್ರೀ ನಿಮ್ಮನೇಲಿ! ನಮ್ಮನೇಲಿ ಇವ್ರು ಆಡಕ್ಕೆ ಕೂತ್ರೆ ಅಡುಗೆಮನೆ ಡಬ್ಬ ಎಲ್ಲಾ ಕೆಳಕ್ಕೆ ಬೀಳ್ತವೆ." ನನ್ನ ಕಡೆ ತಿರುಗಿ, "ನಮಗೂ ಇಂಥದ್ದೇ ಕೇಬಲ್ ಹಾಕ್ಕೊಡಪ್ಪಾ" ಅಂದರು.

ಬೀಗರ ನಗು ಅಲ್ಲೇ ನಿಂತಿತು. ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿ ಕೂತರು.

ಇನ್ನೊಂದು ತಪ್ಪು ಮಾತು ನನ್ನ ಬಾಯಿಂದ ಬರಬಾರದು ಅಂತ ನಿಜ ಹೇಳಲು ಹೊರಟೆ. "ಅಮ್ಮಾ, ಈ ಕೇಬಲ್ಲಲ್ಲೂ ಸೌಂಡ್ ಬರುತ್ತೆ. ಇವತ್ತು ಅದಕ್ಕೆ ವಿಭೂತಿ..."

"ಗೊತ್ತು, ಒಳಗೆ ಬೀಗಿತ್ತಿ ಹೇಳಿದ್ರು" ಅಂದರು ಆಕೆ. "ನೀನು ಕೇಬಲ್ ಹಾಕು ಸಾಕು. ಅದಕ್ಕೆ ವಿಭೂತಿ ನಾನು ದಿನಾ ಹಚ್ತೀನಿ."