ಹೆಂಡತಿಯ ಬ್ರೇಕಿಗೆ ನನ್ನ ಸಿರಿಂಜು

ಗಾಳಿಗುಳ್ಳೆ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ! ಇದು ಜಂಬವಲ್ಲ, ನನ್ನ ಕಸುಬು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವನು ನಾನು. ಬೆಳಗಾದರೆ ಸಿರಿಂಜು, ಸಂಜೆಯಾದರೆ ಸಿರಿಂಜು. ಎಂಥ ಹಠಮಾರಿ ನರವಾದರೂ ನನ್ನ ಬೆರಳು ತಗುಲಿದರೆ ಹಾಜರಿ ಕರೆದ ಹುಡುಗನ ಹಾಗೆ ಎದ್ದು ನಿಲ್ಲುತ್ತದೆ. ಇಂಥವನ ಸ್ವಂತ ಹೆಂಡತಿಯ ಸೈಕಲ್ಲಿಗೆ ಬ್ರೇಕ್ ಹಿಡಿಯುವುದಿಲ್ಲವೆಂದರೆ ನಾಲ್ಕು ಜನ ನಗುವುದಿಲ್ಲವೇ? ಆ ಶುಕ್ರವಾರ ಸಂಜೆ ಭೀಷ್ಮಪ್ರತಿಜ್ಞೆಯನ್ನೇ ಮಾಡಿಬಿಟ್ಟೆ. ಈ ಬ್ರೇಕನ್ನು ಸರಿಮಾಡದೆ ವಿರಮಿಸುವುದಿಲ್ಲ!

ಮೊದಲು ಆ ಸೈಕಲ್ಲಿನ ವಿಷಯ ಹೇಳಬೇಕು. ಅದಕ್ಕೆ ಸೀಟಿಲ್ಲ. ಕಳೆದುಹೋದದ್ದಲ್ಲ, ಅಂಗಡಿಯಿಂದ ಬರುವಾಗಲೇ ಇರಲಿಲ್ಲ. ಕೂತು ಎಲ್ಲಿಗೋ ಹೋಗುವ ಸೈಕಲ್ಲಲ್ಲ ಅದು, ನಿಂತು ಕುಪ್ಪಳಿಸುವ ಸೈಕಲ್. ಟ್ರಯಲ್ಸ್ ಸೈಕಲ್ ಅನ್ನುತ್ತಾರೆ. ಬಂಡೆ, ಮರದ ದಿಮ್ಮಿ, ಮೋಟುಗೋಡೆ, ಹೀಗೆ ಬುದ್ಧಿ ಇರುವವರು ಸುತ್ತು ಹಾಕಿ ಹೋಗುವುದನ್ನೆಲ್ಲ ಇದು ಹತ್ತಿಕೊಂಡೇ ಹೋಗುತ್ತದೆ. ಕಾಲು ನೆಲಕ್ಕೆ ತಾಗಿತೋ, ಆಟ ಕೆಟ್ಟಂತೆ. ನನ್ನ ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರ್. ವಾರವೆಲ್ಲ ಮಕ್ಕಳಿಗೆ ಲೆಕ್ಕ ಬಿಡಿಸಿಕೊಟ್ಟು, ರಜೆಯ ದಿನ ಒಂದೇ ಚಕ್ರದ ಮೇಲೆ ಬಂಡೆಯಿಂದ ಬಂಡೆಗೆ ಹಾರುತ್ತಾಳೆ. ನಾನು ಕೆಳಗೆ ಅವಳ ಕೈಚೀಲ ಹಿಡಿದುಕೊಂಡು ನಿಂತಿರುತ್ತೇನೆ.

ಭಾನುವಾರ ಪಾರ್ಕಿನಲ್ಲಿ ಅವರ ಕ್ಲಬ್ಬಿನ ಪ್ರದರ್ಶನ. ಅದರ ಕಡೆಯ ಸಾಹಸ ಈ ಸಲ ನನ್ನವಳ ಪಾಲಿಗೆ ಬಂದಿತ್ತು. ನೆಲದ ಮೇಲೆ ಅಂಗಾತ ಮಲಗಿದ ಮನುಷ್ಯನೊಬ್ಬನನ್ನು ಸೈಕಲ್ ಸಮೇತ ಹಾರಿ ದಾಟಬೇಕು! ಎಷ್ಟೋ ದಿನದಿಂದ ಅವಳು ಕಾದಿದ್ದ ಅವಕಾಶ ಅದು. ಹಾರುವುದೇನೋ ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಆಚೆ ಇಳಿದ ಕ್ಷಣ ಹಿಂದಿನ ಚಕ್ರ ಇದ್ದಲ್ಲೇ ಗಕ್ಕನೆ ನಿಲ್ಲಬೇಕು. ಒಂದು ಗೇಣು ಹಿಂದಕ್ಕೆ ಉರುಳಿದರೂ ಮಲಗಿದವನ ಹೊಟ್ಟೆಗೆ ದೇವರೇ ಗತಿ.

"ರೀ, ಹಿಂದಿನ ಬ್ರೇಕ್ ಹಿಡೀತಿಲ್ಲ. ಚಕ್ರ ಜಾರ್ತಾ ಇದೆ," ಎಂದಳು ಶುಕ್ರವಾರ, ಮುಖ ಸಣ್ಣದು ಮಾಡಿಕೊಂಡು. "ನಾಳೆ ಶಾಲೆಯಿಂದ ಬಂದು ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ನಾನು ಹಾರಲ್ಲ ಅಂತ ಹೇಳಿಬಿಡ್ತೀನಿ. ನೀವು ಮಾತ್ರ ಮುಟ್ಬೇಡಿ."

"ಮುಟ್ಟೋದಿಲ್ಲ. ಸುಮ್ನೆ ತಿಳ್ಕೊಳ್ಳೋಕೆ ಕೇಳ್ತೀನಿ, ಇದು ಕೆಲಸ ಮಾಡೋದು ಹೇಗೆ?"

"ಹೈಡ್ರಾಲಿಕ್ ಬ್ರೇಕ್. ತಂತಿ ಬದಲು ಪೈಪು, ಪೈಪಿನೊಳಗೆ ಎಣ್ಣೆ. ಲಿವರ್ ಒತ್ತಿದ್ರೆ ಎಣ್ಣೆ ತಳ್ಳುತ್ತೆ, ಪ್ಯಾಡುಗಳು ಎರಡೂ ಕಡೆಯಿಂದ ರಿಮ್ಮನ್ನ ಅಮುಕಿ ಹಿಡ್ಕೊಳ್ತವೆ."

"ಒಳಗೆ ಗಾಳಿ ಸೇರ್ಕೊಂಡ್ರೆ?"

"ಸಿರಿಂಜ್ ಹಾಕಿ ಬ್ಲೀಡ್ ಮಾಡ್ಬೇಕು, ಅಂದ್ರೆ ಎಣ್ಣೆ ಹಾಯಿಸಿ ಗಾಳೀನ ಹೊರಗೆ ತಳ್ಬೇಕು."

ಸಿರಿಂಜು! ಬ್ಲೀಡು! ಇಷ್ಟು ವರ್ಷ ಈ ಸೈಕಲ್ಲು ನನ್ನದೇ ಇಲಾಖೆಗೆ ಸೇರಿದ್ದೆಂದು ಯಾರೂ ನನಗೆ ಹೇಳಿರಲಿಲ್ಲವಲ್ಲ! ಆಮೇಲೆ ಅವಳು ಇನ್ನೂ ಏನೇನೋ ವಿವರಿಸಿದಳು. ಅದು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು. "ಮುಟ್ಬೇಡಿ" ಅಂದದ್ದಂತೂ ಹೊಕ್ಕಿರಲೇ ಇಲ್ಲ.

ಶನಿವಾರ ಅವಳು ಅತ್ತ ಶಾಲೆಗೆ ಹೊರಟಳು, ಇತ್ತ ಸೈಕಲ್ಲು ನಡುಮನೆಗೆ ಬಂತು. ಆಪರೇಷನ್ನಿಗೆ ನನ್ನ ಸಹಾಯಕಿ ನಮ್ಮ ಅತ್ತೆ. ಮಗಳ ಮನೆಯಲ್ಲೇ ಇರುತ್ತಾರೆ. ಅತ್ತೆಗೂ ನನಗೂ ಇರುವುದು ಒಂದೇ ಕಾಯಿಲೆ. ಮುಚ್ಚಿದ್ದು ಕಂಡರೆ ತೆರೆದು ನೋಡಬೇಕು. ಒಮ್ಮೆ ನಾವಿಬ್ಬರೂ ಸೇರಿ ಗೋಡೆಗಡಿಯಾರವನ್ನು ಬಿಚ್ಚಿ ಜೋಡಿಸಿದ ಮೇಲೆ ಅದು ಹಿಂದಕ್ಕೆ ನಡೆಯುತ್ತಿದೆ. ಹಾಗೆ ನಡೆಸಲು ಒಳಗೆ ಏನು ಮಾಡಿದೆವೆಂಬುದು ನಮಗೇ ಇವತ್ತಿನವರೆಗೂ ತಿಳಿದಿಲ್ಲ, ತಿಳಿಯುವ ಆಸೆ ಇಬ್ಬರಿಗೂ ಇದೆ.

"ಅಳಿಯಂದಿರೇ, ಇದರ ರಕ್ತ ಯಾವ ಬಣ್ಣ?" ಎಂದರು ಅತ್ತೆ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು.

"ಈಗ ಗೊತ್ತಾಗುತ್ತೆ ಅತ್ತೆ."

ಲಿವರ್ ಒತ್ತಿ ರೋಗಿಯ ನಾಡಿ ನೋಡಿದೆ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. "ರಕ್ತದೊತ್ತಡ ಜಾಸ್ತಿ," ಎಂದು ಘೋಷಿಸಿ ಕೆಳಗಿನ ಸ್ಕ್ರೂ ಬಿಚ್ಚಿದೆ. ಒಂದು ಹನಿ ಹೊರಬಂತು.

"ನೀಲಿ!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಆ ಸಂತೋಷಕ್ಕೆ ಬೆಲೆ ಕಟ್ಟಲಾಗದು.

ಕ್ರಮ ಸರಳ. ಚಕ್ರದ ಬಳಿ ಒಂದು ಸಿರಿಂಜು, ಲಿವರಿನ ಬಳಿ ಇನ್ನೊಂದು. ನಾನು ಕೆಳಗಿನಿಂದ ಎಣ್ಣೆ ತಳ್ಳಬೇಕು, ಅತ್ತೆ ಮೇಲಿನಿಂದ ಎಳೆದುಕೊಳ್ಳಬೇಕು. ಗಾಳಿಗುಳ್ಳೆ ಮೆರವಣಿಗೆಯಲ್ಲಿ ಹೊರಗೆ ಬರಬೇಕು. ನಾನು ತಳ್ಳಿದೆ. ಏಕೋ ಬಿಗಿಯಾಯಿತು. ಇನ್ನಷ್ಟು ತಳ್ಳಿದೆ. ಮೇಲೆ ನೋಡಿದರೆ ಅತ್ತೆಯವರು ಹಲ್ಲು ಕಚ್ಚಿ, ಎರಡೂ ಹೆಬ್ಬೆರಳಿಂದ ಅಲ್ಲಿಂದ ತಳ್ಳುತ್ತಿದ್ದಾರೆ!

"ಅತ್ತೆ, ಎಳೀರಿ ಅಂದಿದ್ದು!"

"ತಳ್ಳಿದ್ರೆ ಏನಾಗುತ್ತೆ ನೋಡೋಣ ಅಂತ..."

ಏನಾಗುತ್ತದೆಂದು ಮರುಕ್ಷಣವೇ ತಿಳಿಯಿತು. ಟಪ್ ಎಂದು ಕೊಳವೆ ಹಾರಿತು. ಪರದೆ, ಗೋಡೆ, ಸೋಫಾ, ಹಿಂದಕ್ಕೆ ನಡೆಯುವ ಗಡಿಯಾರ, ಕಡೆಗೆ ಸೈಕಲ್ಲಿನ ರಿಮ್ಮು, ಎಲ್ಲದಕ್ಕೂ ಎಣ್ಣೆಯ ಅಭಿಷೇಕ!

"ಅಳಿಯಂದಿರೇ, ಪ್ರಪಂಚವೆಲ್ಲ ನೀಲಿಯಾಗಿ ಕಾಣ್ತಿದೆ!"

"ಕನ್ನಡಕ ತೆಗೀರಿ ಅತ್ತೆ."

ಮತ್ತೆ ಎಣ್ಣೆ ತುಂಬಿದೆವು. ಗುಳ್ಳೆ ಬಂದವು, ಬಂದವು, ಬರುತ್ತಲೇ ಇದ್ದವು. ಅಬ್ಬಾ, ಈ ಸಣ್ಣ ಪೈಪಿನಲ್ಲಿ ಇಷ್ಟೊಂದು ಗಾಳಿ ಹೇಗಿತ್ತೋ ಎಂದು ಬೆರಗಾದೆವು. ಮುಗಿಸಿ ಲಿವರ್ ಒತ್ತಿದರೆ, ಮೊದಲು ಕಲ್ಲಿನಂತಿದ್ದದ್ದು ಈಗ ಬೆಣ್ಣೆ!

"ಎಷ್ಟು ಹಗುರಾಯ್ತು ನೋಡಿ ಅತ್ತೆ! ಮಗು ಕೂಡ ಒತ್ಬಹುದು."

ಎಣ್ಣೆ ಬಿದ್ದ ರಿಮ್ಮು ಒರೆಸುವಾಗ ಇನ್ನೊಂದು ಮಹಾಶೋಧನೆ ನಡೆಯಿತು. ಪ್ಯಾಡು ತಾಗುವ ಜಾಗದಲ್ಲಿ, ಚಕ್ರದ ಸುತ್ತಲೂ, ಬೆಕ್ಕು ಪರಚಿದಂತೆ ಓರೆ ಓರೆ ಗೀರುಗಳು!

"ಅಯ್ಯೋ ಪಾಪ, ಬಂಡೆಗೆ ಉಜ್ಜಿ ಉಜ್ಜಿ ಹೀಗಾಗಿದೆ," ಎಂದು ಅತ್ತೆ ಮರುಗಿದರು.

"ಇದೇ ನೋಡಿ ರೋಗದ ಮೂಲ! ಮೈಯೆಲ್ಲ ಗಾಯ ಆಗಿರೋ ರಿಮ್ಮನ್ನ ಪ್ಯಾಡು ಹೇಗೆ ಹಿಡಿಯುತ್ತೆ?"

ಉಪ್ಪುಕಾಗದ ತಂದೆ. ನಾನು ಒಂದು ಬದಿ, ಅತ್ತೆ ಇನ್ನೊಂದು ಬದಿ, ಉಜ್ಜಿದ್ದೇ ಉಜ್ಜಿದ್ದು. ಭುಜ ಬಿದ್ದುಹೋಯಿತು, ಊಟ ಮರೆತುಹೋಯಿತು. ಕಡೆಗೆ ಪಾತ್ರೆಗೆ ಹಾಕುವ ಪಾಲಿಶ್ ಹಚ್ಚಿ ತಿಕ್ಕಿದೆವು. ರಿಮ್ಮು ಕನ್ನಡಿಯಾಯಿತು. ಅತ್ತೆ ಅದರಲ್ಲೇ ಮುಖ ನೋಡಿಕೊಂಡು ತಲೆ ಸರಿಮಾಡಿಕೊಂಡರು.

ಮಧ್ಯಾಹ್ನ ಹೆಂಡತಿ ಬಂದಳು. ಪರದೆ ನೋಡಿದಳು. ಸೋಫಾ ನೋಡಿದಳು. ರಿಮ್ಮು ನೋಡಿ ಮಾತ್ರ ಹೆಗಲ ಚೀಲ ಕೆಳಗೆ ಹಾಕಿದಳು.

"ರೀ, ನನ್ನ ಗೀರುಗಳೆಲ್ಲಿ?"

"ಅಳಿಸಿಬಿಟ್ವಿ!" ಎಂದೆ ಎದೆಯುಬ್ಬಿಸಿ.

"ಅವು ತಾನಾಗೇ ಬಿದ್ದ ಗೀರಲ್ಲರೀ! ಪ್ಯಾಡಿಗೆ ಹಿಡಿತ ಸಿಗ್ಲಿ ಅಂತ ಗ್ರೈಂಡರ್ ಹಿಡ್ದು, ಮಂಡಿ ಊರಿ ಕೂತು ನಾನೇ ಹಾಕಿದ್ದು. ನುಣ್ಣಗಿರೋ ರಿಮ್ಮಲ್ಲಿ ಪ್ಯಾಡು ಜಾರುಬಂಡೆ ಆಡುತ್ತೆ! ಬನ್ನಿ ಇಲ್ಲಿ. ಕ್ರಮವಾಗಿ ಹೇಳಿ. ನೀವು ಬಿಚ್ಚೋ ಮೊದ್ಲು ಲಿವರ್ ಗಟ್ಟಿಯಾಗಿತ್ತಾ, ಮೆತ್ತಗಿತ್ತಾ?"

"ಗಟ್ಟಿ."

"ಗಾಳಿ ಇದ್ರೆ?"

"ಮೆತ್ತಗಿರುತ್ತೆ."

"ಅಂದ್ರೆ ಗಾಳಿ ಇತ್ತಾ?"

"ಇರ್ಲಿಲ್ಲ. ನಾವು... ಆಮೇಲೆ ಹಾಕಿದ್ವಿ ಅನ್ಸುತ್ತೆ."

"ಲಿವರ್ ಗಟ್ಟಿ, ಆದ್ರೂ ಚಕ್ರ ಜಾರುತ್ತೆ. ಅಂದ್ರೆ?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗಡಿಯಾರ ನೋಡಿದರು.

"ಗೀರು ಸವೆದಿವೆ ಅಂತ ಅರ್ಥ! ಇನ್ನಷ್ಟು ಗೀರು ಹಾಕ್ಬೇಕಿತ್ತು. ನೀವು ಇದ್ದದ್ದನ್ನೂ ಒರೆಸಿಹಾಕಿದೀರಿ!" ಎಂದವಳು ನುಣ್ಣನೆಯ ರಿಮ್ಮಿನ ಮೇಲೆ ಬೆರಳಾಡಿಸಿದಳು. "ನಾಳೆ ಹಾರೋದು ನಾನು ಕಣ್ರೀ."

ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ನನಗೆ ನಿಜವಾಗಿ ನಾಚಿಕೆಯಾಯಿತು. ಬಡಪಾಯಿ, ಎಷ್ಟು ಆಸೆಯಿಂದ ಕಾದಿದ್ದಳು! "ಗ್ರೈಂಡರ್ ಎಲ್ಲಿ ಸಿಗುತ್ತೆ ಹೇಳು, ಓಡಿಹೋಗಿ ತರ್ತೀನಿ," ಎಂದೆ. ಅಷ್ಟರಲ್ಲಿ ಅತ್ತೆ ಅಡುಗೆಮನೆಗೆ ಓಡಿದ್ದರು.

"ಆ ಗ್ರೈಂಡರಲ್ಲಮ್ಮ!" ಎಂದು ಇವಳು ಕೂಗಬೇಕಾಯಿತು.

ಎದುರುಮನೆಯ ವೆಲ್ಡರ್ ಕಬ್ಬಿಣ ಉಜ್ಜುವ ತನ್ನ ಗ್ರೈಂಡರ್ ಕೊಟ್ಟ, ನನಗೆ ಕೊಡಬಾರದೆಂಬ ಷರತ್ತಿನ ಮೇಲೆ. ಅಂಗಳದಲ್ಲಿ ಕಿಡಿ ಹಾರಿಸುತ್ತಾ ಅವಳು ರಿಮ್ಮನ್ನು ಮತ್ತೆ ಗೀಚಿದಳು. ಪ್ಯಾಡಿನ ಎಣ್ಣೆ ಹೀರಿದ ಪದರ ಕೆರೆದು ತೆಗೆದಳು. ಎಣ್ಣೆ ತುಂಬಿದ್ದೂ ಅವಳೇ. ನನಗೆ ಬಾಟಲಿ ಹಿಡಿಯುವ ಕೆಲಸ, ಅತ್ತೆಗೆ ದೂರ ಕೂರುವ ಕೆಲಸ. ಸಂಜೆ ಬೀದಿಯ ಕಟ್ಟೆಯ ಮೇಲೆ ಹಾರಿ ಪರೀಕ್ಷೆ ಮಾಡಿದಳು. ಚಕ್ರ ನೆಟ್ಟ ಗೂಟದ ಹಾಗೆ ನಿಂತಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದಲ್ಲ! ಭಾನುವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ, ಅವಳು ತುಂಬಿದ ಎಣ್ಣೆಯಲ್ಲಿ ಒಂದಾದರೂ ಗುಳ್ಳೆ ಉಳಿದಿರಬಹುದೇ ಎಂಬ ಕುತೂಹಲ ಹುಟ್ಟಿತು. ಸ್ಕ್ರೂವನ್ನು ಒಂದೇ ಒಂದು ಸುತ್ತು, ಬರೀ ಇಣುಕುವಷ್ಟು, ಸಡಿಲಿಸಿದೆ. ಬಚ್ಚಲ ಬಾಗಿಲು ಕಿರ್ರೆಂದಿತು. ಬಿದ್ದಂಬೀಳ ಓಡಿಬಂದು ಪೇಪರ್ ಓದುವವನಂತೆ ಕೂತುಬಿಟ್ಟೆ.

ಪಾರ್ಕಿನಲ್ಲಿ ಜನವೋ ಜನ. ಕ್ಲಬ್ಬಿನ ಕೋಚ್ ನನ್ನವಳ ಬ್ರೇಕ್ ಒತ್ತಿ ನೋಡಿ, "ಭಲೇ! ಯಾರು ರಿಪೇರಿ ಮಾಡಿದ್ದು?" ಎಂದರು. ಹೆಂಡತಿ ಬಾಯಿ ತೆರೆಯುವ ಮೊದಲೇ ನನ್ನ ಬಾಯಿ ತೆರೆದಿತ್ತು.

"ನಾನೇ ಸಾರ್! ಸಿರಿಂಜ್ ಅಂದ್ರೆ ನನಗೆ ಎಡಗೈ ಕೆಲಸ."

"ಒಳ್ಳೇದಾಯ್ತು, ಬನ್ನಿ ಮಲಗಿ."

"ಎಲ್ಲಿ?"

"ಅಲ್ಲಿ ನೆಲದ ಮೇಲೆ. ನಮ್ಮ ಕ್ಲಬ್ಬಲ್ಲಿ ಬ್ರೇಕ್ ರಿಪೇರಿ ಮಾಡಿದವರೇ ಮಲಗೋದು. ಈ ಪದ್ಧತಿ ಬಂದ ಮೇಲೆ ರಿಪೇರಿಗಳು ಬಹಳ ಚೆನ್ನಾಗಿ ಆಗ್ತಿವೆ!"

ಚಪ್ಪಾಳೆಯ ನಡುವೆ ನನ್ನನ್ನು ಅಂಗಾತ ಮಲಗಿಸಿದರು. ಮೇಲೆ ಆಕಾಶ ಬಹಳ ದೊಡ್ಡದಾಗಿ ಕಂಡಿತು. ಆಗ ನೆನಪಾಯಿತು, ಸ್ಕ್ರೂ! ಸಡಿಲಿಸಿದ್ದು ನೆನಪಿದೆ. ಬಿಗಿ ಮಾಡಿದ್ದು? ಎಷ್ಟು ಕೆದಕಿದರೂ ಬರೀ ಪೇಪರ್ ಓದಿದ್ದೇ ನೆನಪಾಗುತ್ತದೆ!

"ಇವಳೇ, ಒಂದ್ನಿಮಿಷ! ಆ ಕೆಳಗಿನ ಸ್ಕ್ರೂ..."

"ಅಲ್ಲಾಡ್ಬೇಡಿ!" ಎಂದಳು, ಆಗಲೇ ಹಿಂದಿನ ಚಕ್ರದ ಮೇಲೆ ಕುಪ್ಪಳಿಸುತ್ತಾ.

"ಅಲ್ವೇ, ಬೆಳಿಗ್ಗೆ ನಾನು ಅದನ್ನ ಸ್ವಲ್ಪ..."

ಅಷ್ಟರಲ್ಲಿ ಸೂರ್ಯ ಮರೆಯಾದ. ಸೈಕಲ್ಲಿನ ಹೊಟ್ಟೆ ನನ್ನ ಹೊಟ್ಟೆಯ ಮೇಲೆ ಹಾದುಹೋಯಿತು. ಕಣ್ಣು ಮುಚ್ಚಿದೆ. ಧಡ್! ಪಾರ್ಕಿನ ಹಕ್ಕಿಗಳೆಲ್ಲ ಎದ್ದು ಹಾರುವಂಥ ಕೀರಲು ಸದ್ದೊಂದು ಕೇಳಿತು. ಕಣ್ಣು ಬಿಟ್ಟರೆ ಪಕ್ಕೆಲುಬಿನ ಪಕ್ಕದಲ್ಲೇ ಚಕ್ರ, ಕೂದಲೆಳೆಯಷ್ಟೂ ಮಿಸುಕದೆ ನಿಂತಿದೆ. ಅದರ ಮೇಲೆ ನನ್ನ ಹೆಂಡತಿ, ಮುಖದ ತುಂಬ ನಗು. ಅಷ್ಟು ಸಂತೋಷದಲ್ಲಿ ಅವಳನ್ನು ನಾನು ಯಾವತ್ತೂ ನೋಡಿರಲಿಲ್ಲ. ಬಗ್ಗಿ ನನಗಷ್ಟೇ ಕೇಳುವಂತೆ ಹೇಳಿದಳು:

"ಸ್ಕ್ರೂ ಸಡಿಲ ಇತ್ತು. ಎಣ್ಣೆ ಸರಿ ಇದೆಯಾ ಅಂತ ನೋಡಿ, ಬಿಗಿ ಮಾಡ್ಕೊಂಡೇ ನಾನು ಹೊರಟಿದ್ದು. ನೀವು ಪೇಪರ್ ತಲೆಕೆಳಗಾಗಿ ಹಿಡ್ದಾಗ್ಲೇ ಅನುಮಾನ ಬಂತು."

ಕೋಚ್ ಓಡಿಬಂದು ಜನರತ್ತ ತಿರುಗಿ ಕೈಯೆತ್ತಿದರು. "ಕೇಳಿದ್ರಲ್ಲ ಆ ಸದ್ದು? ಬ್ರೇಕ್ ಅಂದ್ರೆ ಹಾಗೆ ಕಿರುಚ್ಬೇಕು! ಅಷ್ಟು ಜೋರಾಗಿ ಕಿರುಚೋ ಬ್ರೇಕ್ ನಾನು ಇಷ್ಟು ವರ್ಷದಲ್ಲಿ ಕೇಳಿಲ್ಲ!"

ಹೆಂಡತಿ ಸೈಕಲ್ಲಿಂದ ಇಳಿದು ಹೆಲ್ಮೆಟ್ ತೆಗೆದಳು.

"ಬ್ರೇಕ್ ಸದ್ದೇ ಮಾಡ್ಲಿಲ್ಲ ಸಾರ್. ಕಿರುಚಿದ್ದು ನಮ್ಮ ಮನೆಯವರು."