ಗೇಮ್ ಪೆಟ್ಟಿಗೆಯ ವಿಚಾರಣೆ

ನಮ್ಮ ಕಾಕಾ ಬದುಕಿನಲ್ಲಿ ಒಂದೇ ಒಂದು ತಪ್ಪು ತೀರ್ಮಾನವನ್ನೂ ತೆಗೆದುಕೊಂಡವರಲ್ಲ ಎಂದು ಬ್ಯಾಡಗಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನೂ ಒಪ್ಪುತ್ತೇನೆ. ತೀರ್ಮಾನವನ್ನೇ ತೆಗೆದುಕೊಳ್ಳದವರು ತಪ್ಪು ತೀರ್ಮಾನ ತೆಗೆದುಕೊಳ್ಳುವುದಾದರೂ ಹೇಗೆ?

ಅವರದು ಗುಣ-ದೋಷದ ಸ್ವಭಾವ. ಎದುರಿಗೆ ಏನೇ ಬರಲಿ, ಮೊದಲು ಅದರ ಗುಣ ಹೇಳಬೇಕು, ಆಮೇಲೆ ದೋಷ ಹೇಳಬೇಕು, ಕೊನೆಗೆ ಎರಡನ್ನೂ ತೂಗಿ "ವಿಚಾರ ಮಾಡೂಣು" ಎನ್ನಬೇಕು. ಒಮ್ಮೆ ಸಂತೆಯಲ್ಲಿ ಒಂದು ಬದನೆಕಾಯಿ ಹಿಡಿದು ಅದರ ಹೊಳಪನ್ನು ಹೊಗಳಿ ತೊಟ್ಟನ್ನು ತೆಗಳಿ ಮುಗಿಸುವಷ್ಟರಲ್ಲಿ, ಮಾರುವವಳು ಉಳಿದದ್ದನ್ನೆಲ್ಲ ಮಾರಿ, ಚೀಲ ಮಡಚಿ, "ಯಪ್ಪಾ, ಅದೊಂದ ನೀನ ಇಟ್ಕೊ" ಎಂದು ಬಸ್ಸು ಹತ್ತಿ ಹೋದಳು. ಮನೆಯ ಫ್ಯಾನು ಸುಟ್ಟಾಗ ಯಾವ ಫ್ಯಾನು ಒಳ್ಳೆಯದೆಂದು ತೂಗುತ್ತ ಇಡೀ ಬೇಸಿಗೆ ಕಳೆದು, ಮಳೆ ಬಿದ್ದ ದಿನ "ಈಗ ಥಂಡಿ ಆತಲ್ಲ, ಬಿಡು" ಎಂದವರು ಅವರು.

ಕಕ್ಕಿಯನ್ನು ನೋಡಲು ಗುತ್ತಲಕ್ಕೆ ಹೋದಾಗಲೂ ಹೀಗೇ ಆಗಿತ್ತಂತೆ. "ಹುಡುಗಿ ಹೆಂಗ ಅನ್ನಿಸ್ತರಿ?" ಎಂದು ಹುಡುಗಿಯ ತಂದೆ ಕೇಳಿದರು. ಕಾಕಾ ಗಂಟಲು ಸರಿಮಾಡಿಕೊಂಡು, "ಗುಣ ಏನಂದ್ರ..." ಎಂದು ಶುರು ಮಾಡಿದರು. ಗುಣ ಮುಗಿದ ಮೇಲೆ ಏನು ಬರುತ್ತದೆಂದು ಚೆನ್ನಾಗಿ ಬಲ್ಲ ನಮ್ಮಪ್ಪ, ತಟ್ಟೆಯಲ್ಲಿದ್ದ ಬಿಸಿ ಮಿರ್ಚಿ ಭಜಿಯನ್ನು ತಮ್ಮನ ಬಾಯಿಗೆ ತುರುಕಿದರು. ಕಾಕಾನ ಕಣ್ಣಲ್ಲಿ ನೀರು ಇಳಿಯಿತು. ಹುಡುಗನಿಗೆ ಸಂತೋಷ ಉಕ್ಕಿ ಬಂದಿದೆ ಎಂದುಕೊಂಡ ಗುತ್ತಲದವರು ಅಲ್ಲೇ ಎಲೆ-ಅಡಿಕೆ ಬದಲಿಸಿಬಿಟ್ಟರು. ದೋಷದ ಭಾಗ ಇನ್ನೂ ಹೇಳುವುದಿದೆ ಎಂದು ಕಾಕಾ ಈಗಲೂ ಅನ್ನುತ್ತಾರೆ. "ಹೇಳ್ರಿ, ನನ್ನ ಕಡೀಗೂ ಒಂದಿಷ್ಟು ಅದಾವು" ಎಂದು ಕಕ್ಕಿ ಅಡುಗೆಮನೆಯಿಂದ ಉತ್ತರ ಕೊಡುತ್ತಾರೆ.

ಇಂಥವರು ಬದುಕಿಗೆ ಏನು ಮಾಡಿಕೊಂಡಿದ್ದರು ಎಂದು ನೀವು ಕೇಳಬಹುದು. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಹಾವೇರಿ-ಗುತ್ತಲ, ಹಾವೇರಿ-ರಾಣೆಬೆನ್ನೂರು ದಾರಿಯಲ್ಲಿ ಅವರ ಕೈ ಹಿಡಿಯದ ಸ್ಟೇರಿಂಗ್ ಇಲ್ಲ. ಅಲ್ಲಿ ಕುಳಿತಾಗ ಮಾತ್ರ ಅವರು ಬೇರೆಯೇ ಮನುಷ್ಯ. ಎಮ್ಮೆ ಅಡ್ಡ ಬಂದರೆ ಎಮ್ಮೆಯ ಗುಣ-ದೋಷ ನೋಡುತ್ತ ಕೂಡ್ರಲು ಆಗುವುದಿಲ್ಲವಲ್ಲ. ಆದರೆ ಬಸ್ಸಿನಿಂದ ಇಳಿದ ಕೂಡಲೇ ಕಾಲಿಗೆ ಯಾವ ಚಪ್ಪಲಿ ಮೊದಲು ಹಾಕಬೇಕೆಂಬ ವಿಚಾರ ಮತ್ತೆ ಶುರುವಾಗುತ್ತಿತ್ತು. ನಿವೃತ್ತಿಯ ನಂತರ ಬಸ್ಸೂ ಇಲ್ಲ, ಇದ್ದೊಂದು ಸ್ಕೂಟರನ್ನೂ ಈಚೆಗೆ ಮಾರಿಬಿಟ್ಟಿದ್ದರು; ಈಗ ವಿಚಾರವೇ ಎಲ್ಲ.

ಊರಿನ ಜನ ಇದನ್ನು ಘನವಾದ ನ್ಯಾಯಬುದ್ಧಿ ಎಂದು ತಿಳಿದರು. ಅಣ್ಣ-ತಮ್ಮರು ಗೋಡೆಗಾಗಿ ಜಗಳವಾಡಿದರೆ ಕಾಕಾನ ಮುಂದೆ ಬಂದು ಕೂಡ್ರುತ್ತಿದ್ದರು. ಕಾಕಾ ಇಬ್ಬರದೂ ಗುಣ-ದೋಷ ಹೇಳುತ್ತ ಹೋದಂತೆ ಇಬ್ಬರಿಗೂ ಹಸಿವಾಗಿ, ಒಬ್ಬರಿಗೊಬ್ಬರು ಸನ್ನೆ ಮಾಡಿ, ಕೂಡಿಯೇ ಎದ್ದು ಹೋಗುತ್ತಿದ್ದರು. ಜಗಳ ಮುಗಿಯುತ್ತಿತ್ತು.

ಆದ್ದರಿಂದಲೇ ಮಗಳ ಮನೆಯಲ್ಲಿ ವಿಡಿಯೊ ಗೇಮಿನ ಜಗಳ ಹತ್ತಿದಾಗ ಅದೂ ಕಾಕಾನ ಕಟ್ಟೆಗೇ ಬಂತು.

ಮಗಳು ಶೈಲಾಳನ್ನು ಕೊಟ್ಟದ್ದು ರಾಣೆಬೆನ್ನೂರಿಗೆ. ಅಳಿಯ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಇಂಜಿನಿಯರ್. ಬಲು ಸಭ್ಯ ಮನುಷ್ಯ, ದನಿ ಎತ್ತಿ ಮಾತಾಡಿದವನಲ್ಲ. ಒಂದು ದಿನ ಈ ಸಭ್ಯ ಮನುಷ್ಯ ಟಿವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆ ತಂದ. ಅಂದಿನಿಂದ ಪಾಳಿ ಮುಗಿಸಿ ಬಂದವನು ಬೂಟು ಬಿಚ್ಚುವುದೂ ಟಿವಿ ಹಚ್ಚುವುದೂ ಒಂದೇ ಆಯಿತು. ಶೈಲಾ ಫೋನು ಮಾಡಿ, "ಅಪ್ಪಾ, ನೀ ಬಂದು ಒಂದು ಮಾತು ಹೇಳು, ಅವರು ಮನುಷ್ಯಾರ ಜೋಡಿ ಮಾತಾಡಲಿ. ಒಂದೋ ಅದು ಇರಬೇಕು, ಇಲ್ಲಾ ನಾ ಇರಬೇಕು" ಎಂದಳು.

ಕಾಕಾ ಹೋದರು. ನನ್ನನ್ನೂ ಹಾವೇರಿಯಿಂದ ಕರೆಸಿಕೊಂಡರು. ಇಂಗ್ಲಿಷಿನಲ್ಲಿ ಏನಾದರೂ ಬರೆದಿದ್ದರೆ ಓದಿ ಹೇಳಲು ಒಬ್ಬರು ಬೇಕಿತ್ತಂತೆ.

"ಮಾವಾರ, ನಾ ಹೊರಗ ಹೋಗಿ ಇಸ್ಪೀಟ ಆಡಂಗಿಲ್ಲ, ಕುಡ್ಯಂಗಿಲ್ಲ. ಮನ್ಯಾಗ ಇರ್ತೇನಿ" ಎಂದ ಅಳಿಯ.

"ಮನ್ಯಾಗ ಇರ್ತಾರ, ಖರೇ. ಮೊನ್ನೆ ಗ್ಯಾಸ ಮುಗದೈತಿ ಅಂತ ಹೇಳಿದ್ರ, ‘ಗೋಲ ಹೊಡದೆ’ ಅಂದ್ರು" ಎಂದಳು ಶೈಲಾ.

ಕಾಕಾ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡರು. ತಿರುಗಿಸಿ ನೋಡಿದರು. ಕಿವಿಗೆ ಹಿಡಿದು ಅಲ್ಲಾಡಿಸಿದರು. ಬ್ಯಾಡಗಿಯವರಲ್ಲವೇ, ಒಮ್ಮೆ ಮೂಸಿಯೂ ನೋಡಿದರು.

"ಗುಣ ಏನಂದ್ರ, ಹೊಗಿ ಬಿಡಂಗಿಲ್ಲ, ನಾರಂಗಿಲ್ಲ, ಊಟಾ ಬೇಡಂಗಿಲ್ಲ. ದೋಷ ಏನಂದ್ರ, ಇದನ್ನ ಆಡದ ಹೇಳಾಕ ಬರಂಗಿಲ್ಲ. ಇಲ್ಲೇ ಕುಂತು ನೋಡಿದ್ರ ನಿಮ್ಮಿಬ್ಬರ ಮಾರಿ ನೋಡಿ ಮನಸ್ಸು ಅತ್ತಾಗಿತ್ತಾಗ ಆಗತೈತಿ. ನಾ ಊರಿಗೆ ಒಯ್ದು ವಿಚಾರ ಮಾಡ್ತೇನಿ."

ಹೀಗೆ ಆರೋಪಿ ನ್ಯಾಯಾಧೀಶರ ಚೀಲ ಸೇರಿತು. ಬಸ್ಸಿನಲ್ಲಿ ಅದನ್ನು ಮೇಲಿನ ಹಲಗೆಗೆ ಇಡಲೂ ಕೊಡದೆ, ಬಾಣಂತಿ ಕೂಸನ್ನು ಹಿಡಿದಂತೆ ತೊಡೆಯ ಮೇಲಿಟ್ಟುಕೊಂಡು ಕಾಕಾ ಬ್ಯಾಡಗಿಗೆ ಬಂದರು.

ಟಿವಿಗೆ ಜೋಡಿಸಿಕೊಟ್ಟವಳು ನಾನೇ. ಮೊದಲು ಹಚ್ಚಿದ್ದು ಫುಟ್‌ಬಾಲ್ ಆಟ. ಕಾಕಾ ಸ್ವಲ್ಪ ಹೊತ್ತು ನೋಡಿ, "ಇಷ್ಟ ಮಂದಿ ಓಡಾಕತ್ತಾರ, ಇದರಾಗ ನನ್ನಾಂವ ಯಾರು?" ಎಂದು ಕೇಳಿದರು. ತಲೆಯ ಮೇಲೆ ಬಾಣದ ಗುರುತು ಇದ್ದವನು ಎಂದೆ. ಅವನನ್ನು ಮೈದಾನದ ಅಂಚಿಗೆ ನಡೆಸಿಕೊಂಡು ಹೋಗಿ ನಿಲ್ಲಿಸಿದರು. "ಪಾಪ, ದಣಿದಾನ." ಆಮೇಲೆ ಬಂದೂಕಿನ ಆಟ. ಕಾಕಾ ತಮ್ಮ ಸೈನಿಕನನ್ನು ಒಂದು ಗೋಡೆಯ ಮರೆಗೆ ಒಯ್ದು ಸುಮ್ಮನೆ ಇಟ್ಟರು. ಯಾರೋ ಹಿಂದಿನಿಂದ ಬಂದು ಹೊಡೆದು ಹೋದ. ಕಾಕಾ ನನ್ನ ಕಡೆ ತಿರುಗಿ, "ನಾ ಅವಂಗ ಏನ ಅಂದಿದ್ದೆ?" ಎಂದರು. ಅವರಿಗೆ ನಿಜವಾಗಿಯೂ ಬೇಜಾರಾಗಿತ್ತು. ಆ ಆಟವನ್ನು ತೆಗೆಸಿಬಿಟ್ಟರು.

ಮೂರನೆಯದು ಕಾರಿನ ರೇಸು. ಪರದೇಶದ ರಸ್ತೆ, ಎರಡೂ ಕಡೆ ಹಿಮದ ಗುಡ್ಡ. ಕಾಕಾ ನೆಟ್ಟಗೆ ಕುಳಿತರು. ಕೈಯಲ್ಲಿದ್ದ ಕಂಟ್ರೋಲರನ್ನು ಎರಡೂ ಕೈಯಿಂದ ಹಿಡಿದರು. ಉಳಿದ ಕಾರುಗಳು ಗುಂಡಿನಂತೆ ಹಾರಿಹೋದವು. ಕಾಕಾ ಹಿಂದೆ ಮುಂದೆ ನೋಡಿ, ದಾರಿ ಬಿಟ್ಟುಕೊಟ್ಟು, ನಿಧಾನಕ್ಕೆ ಹೊರಟರು. ಮೊದಲ ತಿರುವಿನಲ್ಲಿ ಹಾರ್ನ್ ಹೊಡೆಯಲು ಗುಂಡಿ ಹುಡುಕಿದರು. ಸಿಗಲಿಲ್ಲ.

"ಹಾರ್ನ ಇಲ್ಲದ ಗಾಡಿ ರೋಡಿಗೆ ಹೆಂಗ ಬಿಟ್ರು?"

"ಕಾಕಾ, ಇದು ರೇಸು. ಜೋರು ಹೋಗಬೇಕು."

"ಘಾಟಿನ್ಯಾಗ?"

ಎಲ್ಲರಿಗಿಂತ ಕೊನೆಗೆ ಮುಟ್ಟಿದರು. ಅವರು ಮುಟ್ಟುವಷ್ಟರಲ್ಲಿ ಗೆದ್ದವನಿಗೆ ಕಪ್ಪು ಕೊಟ್ಟು, ಪಟಾಕಿ ಹಾರಿಸಿ, ಜನರೆಲ್ಲ ಮನೆಗೆ ಹೋಗಿದ್ದರು. ಕಾಕಾ ಮಾತ್ರ ಗಾಡಿಯನ್ನು ಸುತ್ತಲೂ ತಿರುಗಿಸಿ ನೋಡಿ, "ಒಂದ ಗೀರಿಲ್ಲ ನೋಡು ತಂಗಿ" ಎಂದರು. ಅಷ್ಟು ಸುಖ ಕಪ್ಪು ಗೆದ್ದವನ ಮುಖದಲ್ಲೂ ನಾನು ಕಂಡಿಲ್ಲ.

ಮರುದಿನದಿಂದ ವಿಚಾರಣೆ ಜೋರಾಗಿ ನಡೆಯಿತು. ಮೆಣಸಿನಕಾಯಿ ಪೇಟೆಗೆ ಹೋಗುವವರು ಬರುವವರು ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದರು. "ಗುಣ ಏನಂದ್ರ, ಡೀಜಲ್ ಬೇಡ, ಟಾಯರ್ ಪಂಕ್ಚರ್ ಇಲ್ಲ. ಗಾಡಿ ಪಲ್ಟಿ ಆದ್ರ ತಾನ ಎದ್ದು ನಿಂದರತೈತಿ. ಪೇಟಿ ಮುಂದ ಹಾದ್ರೂ ಸೀನು ಬರಂಗಿಲ್ಲ. ದೋಷ ಏನಂದ್ರ, ಕರೆಂಟ್ ಹೋದ್ರ ನಡು ಘಾಟಿನ್ಯಾಗ ನಿಂದರತೈತಿ. ಚಾ ಕುಡ್ಯಾಕ ಒಂದು ಅಂಗಡಿ ಇಲ್ಲ."

"ಹಂಗಾರ ಇರಬೇಕೋ ಬ್ಯಾಡೋ?" ಎಂದು ಯಾರಾದರೂ ಕೇಳಿದರೆ, "ಇನ್ನೂ ಬಾಳ ರಸ್ತೆ ಉಳದಾವು" ಎನ್ನುತ್ತಿದ್ದರು.

ಇದರಿಂದ ನೊಂದವರು ಕಕ್ಕಿ. ಅವರು ನೋಡುವ ಧಾರಾವಾಹಿಯ ವೇಳೆಗೇ ಕಾಕಾನ ಗಾಡಿ ಹೊರಡುತ್ತಿತ್ತು. ಧಾರಾವಾಹಿಯಲ್ಲಿ ಒಬ್ಬ ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದ್ದರಂತೆ. ಅವಳು ಒಳಗೆ ಬಂದಳೋ ಇಲ್ಲವೋ ಕಕ್ಕಿಗೆ ಗೊತ್ತಾಗಲೇ ಇಲ್ಲ. ನನಗೆ ಫೋನು ಮಾಡಿ ಕೇಳಿದರು. "ನೌಕರಿ ಇದ್ದಾಗ ಬಸ್ಸಿನ್ಯಾಗ ಇರತಿದ್ರು, ಮನಿಗೆ ಬರತಿದ್ದಿಲ್ಲ. ಈಗ ಮನ್ಯಾಗ ಅದಾರ, ಆದ್ರೂ ಗಾಡ್ಯಾಗ ಅದಾರ" ಎಂದು ನಿಟ್ಟುಸಿರು ಬಿಟ್ಟರು.

ಅತ್ತ ರಾಣೆಬೆನ್ನೂರಿನಲ್ಲಿ ಇನ್ನೊಂದು ಬಗೆಯ ಸಂಕಟ ಶುರುವಾಗಿತ್ತು. ಆಟವಿಲ್ಲದ ಅಳಿಯ ಸಂಜೆ ಏನು ಮಾಡಬೇಕು? ಅಡುಗೆಮನೆಗೆ ಬಂದು ನಿಂತ. ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದ. ರೊಟ್ಟಿ ಎಷ್ಟು ದುಂಡಗಿದೆ ಎಂದು ಬಗ್ಗಿ ನೋಡಿದ. ಪಲ್ಯಕ್ಕೆ ಎಣ್ಣೆ ಯಾಕೆ ಮೊದಲು, ಸಾಸಿವೆ ಯಾಕೆ ಆಮೇಲೆ ಎಂದು ಕಾರಣ ಕೇಳಿದ. ಶೈಲಾ ಕೆಲವು ತಿಂಗಳು ತಡೆಯುವಷ್ಟು ತಡೆದಳು. ಕೊನೆಗೆ ಅಪ್ಪನಿಗೆ ಫೋನು ಮಾಡಿ, "ಅಪ್ಪಾ, ನಾ ಹಾಕಿದ ಫಿರ್ಯಾದು ವಾಪಸ್ ತಗೊಂಡೇನಿ. ಲಗೂ ಪೆಟ್ಟಿಗಿ ಕಳಸು" ಎಂದಳು.

"ಅಂವ ಮನುಷ್ಯಾರ ಜೋಡಿ ಮಾತಾಡಬೇಕು ಅಂದಿದ್ದಿ."

"ಅಂದಿದ್ದೆ. ಈಗ ಬ್ಯಾಡ ಅಂತೇನಿ."

"ವಿಚಾರಣೆ ಇನ್ನೂ ಮುಗದಿಲ್ಲವ್ವಾ" ಎಂದು ಕಾಕಾ ಫೋನು ಇಟ್ಟರು.

ಹಾಗಾಗಿ ಒಂದು ಭಾನುವಾರ ಗಂಡ-ಹೆಂಡತಿ ಒಂದಾಗಿ, ನನ್ನನ್ನೂ ಕರೆಸಿಕೊಂಡು, ಪೆಟ್ಟಿಗೆಯನ್ನು ಬಿಡಿಸಿಕೊಂಡು ಬರಲು ಬ್ಯಾಡಗಿಗೆ ಹೊರಟರು. ದಾರಿಯುದ್ದಕ್ಕೂ ನಾವು ಕಾಕಾನನ್ನು ಆಡಿಕೊಂಡು ನಕ್ಕದ್ದೇ ನಕ್ಕದ್ದು. ಪೆಟ್ಟಿಗೆ ಕೊಡದಿದ್ದರೆ ಮೇಲಿನ ಕೋರ್ಟಿಗೆ ಹೋಗುತ್ತೇನೆ ಎಂದ ಅಳಿಯ. ಮೇಲಿನ ಕೋರ್ಟು ಅಂದರೆ ಕಕ್ಕಿ.

ಊಟದ ಹೊತ್ತು ಮುಗಿದಿತ್ತು. ಬಾಗಿಲು ತೆರೆದೇ ಇತ್ತು. ಒಳಗಿನಿಂದ ಕಕ್ಕಿಯ ದನಿ ಬರುತ್ತಿತ್ತು.

"ಎಡಕ್ಕ ತಗೋರಿ. ಇನ್ನಾ ಸ್ವಲ್ಪ. ಈಗ ಸೀದಾ. ಮುಂದ ಒಂದು ಕೆಂಪು ಗಾಡಿ ಐತಿ, ಸಾವಕಾಶ."

ಹೊಸ್ತಿಲಲ್ಲೇ ನಿಂತೆವು. ಕಾಕಾ ಕುರ್ಚಿಯಲ್ಲಿ ಕುಳಿತು ಗಾಡಿ ಹೊಡೆಯುತ್ತಿದ್ದರು. ಕಕ್ಕಿ ಪಕ್ಕದಲ್ಲಿ ಮೊಣಕಾಲೂರಿ, ಟಿವಿಯಿಂದ ಕಣ್ಣು ತೆಗೆಯದೆ ದಾರಿ ಹೇಳುತ್ತಿದ್ದರು. ಕಾಕಾನ ಮುಖ ಟಿವಿಯ ಕಡೆ ಇರಲಿಲ್ಲ. ಕಕ್ಕಿಯ ದನಿಯ ಕಡೆ ವಾಲಿತ್ತು.

ನಮ್ಮನ್ನು ಕಂಡ ಕಕ್ಕಿ ಬಾಯಿಯ ಮೇಲೆ ಬೆರಳಿಟ್ಟು ಎದ್ದು ಬಂದರು. "ಒಂದೀಟು ನಿಂದರ್ರಿ, ಒಲಿ ಮ್ಯಾಲ ಹಾಲ ಐತಿ" ಎಂದು ಕಾಕಾನಿಗೆ ಹೇಳಿ, ನಮ್ಮನ್ನು ಅಡುಗೆಮನೆಗೆ ಕರೆದೊಯ್ದರು. ಒಲೆಯ ಮೇಲೆ ಹಾಲು ಇರಲಿಲ್ಲ.

"ಒಂದು ಕಣ್ಣು ಪೂರಾ ಹೋಗೈತಿ. ಇನ್ನೊಂದರಾಗ ನೆಳ್ಳು ಕಂಡಂಗ ಕಾಣತೈತಿ ಅಷ್ಟ" ಎಂದರು. "ಹುಬ್ಬಳ್ಳಿ ಡಾಕ್ಟರ್ ಮೊದಲ ಹೇಳಿದ್ರು, ಹೋದದ್ದು ತಿರುಗಿ ಬರಂಗಿಲ್ಲ, ಉಳದದ್ದೂ ಮೆಲ್ಲಕ ಹೋಗತೈತಿ ಅಂತ. ಸ್ಕೂಟರ್ ಮಾರಿದ್ದು ಅದಕ್ಕ. ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಹಾಕಿಸಿಕೊಂಡ್ರು. ಆಮ್ಯಾಲ ನಿನ್ನ ಫೋನ ಬಂತು ಶೈಲಾ, ಈ ಪೆಟ್ಟಿಗಿ ಮನಿಗೆ ಬಂತು. ‘ಕಾಣೂತನಾ ಒಂದಿಷ್ಟು ಗಾಡಿ ಹೊಡಕೋತೇನಿ’ ಅಂದ್ರು."

ಶೈಲಾ ಗೋಡೆಗೆ ಒರಗಿ ನಿಂತಳು. ಅಳಿಯ ತಲೆ ತಗ್ಗಿಸಿದ.

"ಈಗ ಹೆಂಗ ಹೊಡೀತಾರ ಅತ್ತೆಮ್ಮಾ?" ಎಂದು ಅಳಿಯ ಮೆಲ್ಲಗೆ ಕೇಳಿದ.

"ನಾ ಹೇಳತೇನಿ, ಅವರು ಹೊಡೀತಾರ. ಮೊದಮೊದಲ ನಂಗ ಎಡಾ-ಬಲಾ ತಪ್ಪತಿತ್ತು. ಬಾಳ ಸಲ ಗುಡ್ಡದ ಕೆಳಗ ದರಿಯಾಗ ಬಿದ್ವಿ" ಎಂದು ಕಕ್ಕಿ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಈಗ ರೂಢಿ ಆಗೈತಿ."

ಪೆಟ್ಟಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಶೈಲಾ ಮುಖ ತೊಳೆದುಕೊಂಡು ಚಹಾಕ್ಕೆ ಇಟ್ಟಳು. ನಾವು ಹೊರಗೆ ಬಂದು ಗದ್ದಲ ಮಾಡದೆ ಚಾಪೆಯ ಮೇಲೆ ಕುಳಿತೆವು. ಕಕ್ಕಿ ತಮ್ಮ ಜಾಗಕ್ಕೆ ಹೋದರು. ಗಾಡಿ ಹೊರಟಿತು. ಇಳಿಜಾರು, ಸೇತುವೆ, ಸುರಂಗ, ಎಲ್ಲ ಸರಿಯಾಗಿ ದಾಟಿತು. ಸುರಂಗದ ಆಚೆ ಒಂದು ತಿರುವಿನಲ್ಲಿ ಶೈಲಾ ಚಹಾ ತಂದದ್ದನ್ನು ನೋಡಲು ಕಕ್ಕಿ ಕಣ್ಣು ತಿರುಗಿಸಿದರು. ಅಷ್ಟರಲ್ಲಿ ಗಾಡಿ ಗುಡ್ಡಕ್ಕೆ ಬಡಿದು ಮಗುಚಿತು.

"ಅಯ್ಯ, ನಾ ಹೇಳೂದು ತಡಾ ಆತರಿ" ಎಂದರು ಕಕ್ಕಿ.

ಕಾಕಾ ಒಂದು ಕ್ಷಣವೂ ತೂಗಲಿಲ್ಲ. "ಇಲ್ಲ. ನೀ ಹೇಳಿದ್ದಿ. ನಾ ಕೇಳೂದು ತಡಾ ಆತು" ಎಂದರು. ಹೇಳಿ, ಖಾಲಿ ಕೈಯನ್ನು ಪಕ್ಕಕ್ಕೆ ಚಾಚಿ, ಗಾಳಿಯಲ್ಲಿ ತಡಕಾಡಿದರು.

ಕಕ್ಕಿ ಆ ಕೈಯನ್ನು ಹಿಡಿದರು. ಮಕ್ಕಳೆಲ್ಲ ಎದುರಿಗೇ ಕುಳಿತಿದ್ದಾರೆ ಎಂಬುದನ್ನೂ ಲೆಕ್ಕಿಸದೆ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ಅದರ ಹೆಬ್ಬೆರಳನ್ನು ಮೆಲ್ಲಗೆ ಗುಂಡಿಯ ಮೇಲೆ ಇಟ್ಟು, ಟಿವಿಯ ಕಡೆ ತಿರುಗಿ ಕುಳಿತರು.

"ಹೊಡೀರಿ" ಎಂದರು. "ರಸ್ತೆ ಸಾಫ ಐತಿ."